ಗಿರಣಿ ಕಟ್ಟೆಯ ರೂಲ್ಸು

ಬೆಳಗಿನ ಬಸ್ಸು ಸಾಸ್ವೆಹಳ್ಳಿ ತಿರುವಿನಲ್ಲಿ ಹಾರನ್ ಹೊಡೆದರೆ ಸಾಕು, ನಿಂಗರಾಜನ ಮೈಯಲ್ಲಿ ಜೀವವಿದ್ದ ಅರ್ಧವೆಲ್ಲ ಎದ್ದು ಕೂರುತ್ತಿತ್ತು. ಉಳಿದರ್ಧ ಹಾಸಿಗೆಯಲ್ಲಿ ಹಾಗೇ ಬಿದ್ದಿರುತ್ತಿತ್ತು. ಬಸ್ಸು ಅಂದರೆ ಜಗಳೂರಿನಿಂದ ಹೊರಟು ಬಿಳಿಚೋಡು, ದಾವಣಗೆರೆ, ಹೊನ್ನಾಳಿ ಹಾದು, ಇವನ ಮನೆಬಾಗಿಲ ಮುಂದೆಯೇ ಧೂಳೆಬ್ಬಿಸಿ, ಬಸವಾಪಟ್ಟಣದ ಮೇಲೆ ಚನ್ನಗಿರಿ ಸೇರುವ ಪ್ರೈವೇಟ್ ಬಸ್ಸು. ಮದುವೆಗೆ ಮುಂಚಿನಿಂದಲೂ ಅದರಲ್ಲಿ ಕಂಡಕ್ಟರಾಗಿದ್ದವನು ಇವನು. ಅಷ್ಟು ವರ್ಷದಲ್ಲಿ ಒಂದು ದಿನವೂ ಸೀಟಿನಲ್ಲಿ ಕೂತವನಲ್ಲ. ಇಡೀ ಬಸ್ಸು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಇರುತ್ತಿದ್ದ. "ಕುಂತ್ರೆ ಕಂಡಕ್ಟ್ರು ಹೆಂಗಾಗ್ತಾನೆ, ಪ್ಯಾಸೆಂಜರ್ ಆಗ್ತಾನೆ" ಅನ್ನುತ್ತಿದ್ದ.

ಈಗ ಕೂತೇ ಇದ್ದ. ಇಲ್ಲವೇ ಮಲಗಿರುತ್ತಿದ್ದ. ಮೂರನೆಯದು ಏನೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಹೊನ್ನಾಳಿ ಸ್ಟ್ಯಾಂಡಿನಲ್ಲಿ ಬಸ್ಸಿನ ಟಾಪಿನಿಂದ ಈರುಳ್ಳಿ ಚೀಲ ಇಳಿಸುವಾಗ ಏಣಿಯ ಮೇಲೆ ಕಾಲು ಜಾರಿತು. ಚೀಲ ಕೈಬಿಟ್ಟಿದ್ದರೆ ಏಣಿ ಹಿಡಿದುಕೊಳ್ಳಬಹುದಿತ್ತು. ಬಿಡಲಿಲ್ಲ ಪುಣ್ಯಾತ್ಮ. ಈರುಳ್ಳಿ ಯಾರದೋ, ಬೆನ್ನು ಇವನದು. ಮೂಳೆ ಮುರಿದು ಒಳಗಿನ ಬೆನ್ನುಹುರಿಗೇ ಪೆಟ್ಟಾಗಿ ಸೊಂಟದಿಂದ ಕೆಳಗೆ ಏನೂ ಗೊತ್ತಾಗದ ಹಾಗಾಯಿತು. ಆಪರೇಷನ್ನು, ಆಸ್ಪತ್ರೆ, ವ್ಯಾಯಾಮ ಎಲ್ಲ ಮುಗಿಸಿ ವೀಲ್‌ಚೇರಿನಲ್ಲಿ ಊರಿಗೆ ಬಂದಾಗ ಹೆಂಡತಿ ನೇತ್ರಾವತಿ ಬಾಗಿಲ ಹೊಸ್ತಿಲು ಕೀಳಿಸಿ ಸಿಮೆಂಟಿನ ಇಳಿಜಾರು ಮಾಡಿಸಿಟ್ಟಿದ್ದಳು.

ಆಮೇಲೆ ನೋಡಾಕೆ ಬರುವವರ ಸಾಲು ಶುರುವಾಯಿತು. ಚನ್ನಗಿರಿ ಕಡೆಯ ನೆಂಟರು ಬಾಳೆಹಣ್ಣು ತಂದರು, ಬಿಸ್ಕತ್ತು ತಂದರು, ಲೊಚಗುಟ್ಟಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: "ಏನೂ ತಲೆ ಕೆಡಿಸ್ಕೋಬ್ಯಾಡ, ಆರಾಮಾಗಿ ರೆಸ್ಟ್ ಮಾಡು." ಅವರು ಹೋದ ಮೇಲೆ ನಿಂಗರಾಜ ಬಿಸ್ಕತ್ತಿನ ಪೊಟ್ಟಣ ಗೋಡೆಗೆಸೆಯುತ್ತಿದ್ದ. ರೆಸ್ಟಂತೆ ರೆಸ್ಟು! ರೆಸ್ಟ್ ಮಾಡಾಕೆ ದಣಿವು ಎಲ್ಲಿಂದ ತರಬೇಕು? ಟೀವಿ ಹಾಕುತ್ತಿದ್ದ, ಆರಿಸುತ್ತಿದ್ದ. ಮೊಬೈಲಿನಲ್ಲಿ ಯಾರ್ಯಾರೋ ಕುಣಿಯುವುದನ್ನು ಹೆಬ್ಬೆರಳು ನೋಯುವ ತನಕ ನೋಡುತ್ತಿದ್ದ. ಪಲ್ಯಕ್ಕೆ ಉಪ್ಪು ಹೆಚ್ಚಾಯ್ತು ಅಂತ ಜಗಳ, ಫ್ಯಾನು ಸದ್ದು ಮಾಡ್ತೈತೆ ಅಂತ ಜಗಳ. ನೇತ್ರಾವತಿ ಮೊದಮೊದಲು ಉತ್ತರ ಕೊಡುತ್ತಿದ್ದಳು, ಆಮೇಲೆ ಅದನ್ನೂ ನಿಲ್ಲಿಸಿದಳು. ಜಗಳಕ್ಕೂ ಜನ ಇಲ್ಲದ ಮೇಲೆ ಇವನ ಚಡಪಡಿಕೆ ಇನ್ನೂ ಜಾಸ್ತಿಯಾಯಿತು.

ವಾರಕ್ಕೊಮ್ಮೆ ನ್ಯಾಮತಿಯಿಂದ ಸ್ಕೂಟಿಯಲ್ಲಿ ರಕ್ಷಾ ಬರುತ್ತಿದ್ದಳು. ವ್ಯಾಯಾಮ ಮಾಡಿಸುವ ಮೇಡಂ. ವಯಸ್ಸು ಚಿಕ್ಕದು, ದನಿ ದೊಡ್ಡದು. ಅವಳದ್ದು ಒಂದೇ ಜಪ. ಕೂತಿರುವಾಗ ಆಗಾಗ ಎರಡೂ ಕೈ ಕುರ್ಚಿಯ ಹಿಡಿಕೆಗೆ ಊರಿ, ಮೈಯನ್ನು ಸೀಟಿನಿಂದ ಮೇಲೆತ್ತಿ, ಒಂದಿಷ್ಟು ಹೊತ್ತು ಹಾಗೇ ಹಿಡಿದಿರಬೇಕು.

"ನಿಂಗರಾಜಣ್ಣ, ನಾವು ಕುಂತಲ್ಲಿ ನೋವಾದ್ರೆ ಸರಿದು ಕೂರ್ತೀವಿ. ನಿಮಗೆ ನೋವು ಗೊತ್ತಾಗಲ್ಲ. ರಕ್ತ ಓಡಾಡದೆ ಚರ್ಮ ಕಪ್ಪಗಾಗಿ ಹುಣ್ಣಾಗ್ತೈತೆ. ಆಮೇಲೆ ತಿಂಗಳುಗಟ್ಟಲೆ ಬೋರಲು ಮಲಗಬೇಕಾಗ್ತೈತೆ, ನೋಡ್ರಿ."

"ಎತ್ತುತೀನಿ ಬಿಡ್ರಿ ಮೇಡಂ. ಮಾಡಾಕೆ ಇನ್ನೇನು ಕೆಲಸ ಐತೆ ನನಗೆ?"

ರಕ್ಷಾ ಅದನ್ನೇ ಹಿಡಿದುಕೊಂಡಳು. "ಮೊದಲು ಬಿಡುವಿದ್ದಾಗ ಏನು ಮಾಡ್ತಿದ್ರಿ?"

"ಬಿಡುವಾ? ಟ್ರಿಪ್ ಮುಗಿದ್ರೆ ನಿದ್ದೆ."

ಮುಂದಿನ ವಾರ ಅವಳು ಬಣ್ಣ ತುಂಬುವ ಪುಸ್ತಕ, ಒಂದು ಡಬ್ಬಿ ಪೆನ್ಸಿಲ್ ತಂದಳು. ದೊಡ್ಡವರೂ ಮಾಡ್ತಾರೆ, ಮನಸ್ಸಿಗೆ ಹಿತ ಅಂದಳು. ನಿಂಗರಾಜ ಪುಟ ತಿರುಗಿಸಿದ. ನವಿಲು, ತಾವರೆ, ಒಂದು ಮೀನು. "ನಾನೇನು ಅಂಗನವಾಡಿಗೆ ಹೋಗೋ ಕೂಸೇನ್ರಿ?" ಅಂತ ಗುಡುಗಿದ. "ತಗಂಡು ಹೋಗ್ರಿ ಅತ್ಲಾಗೆ!" ಬಾಗಿಲಲ್ಲಿ ನಿಂತಿದ್ದ ನೇತ್ರಾವತಿಗೆ ನಾಚಿಕೆಯಾಯಿತು. ರಕ್ಷಾಗೆ ಒಂಚೂರೂ ಆಗಲಿಲ್ಲ.

"ಸರಿ, ಮೀನು ಬ್ಯಾಡ. ಜಗಳೂರಲ್ಲಿ ಬಸ್ಸು ನಿಂತಿರ್ತಿತ್ತಲ್ಲ, ಆವಾಗ ಏನು ಮಾಡ್ತಿದ್ರಿ? ಅಲ್ಲೂ ನಿದ್ದೇನಾ?"

ನಿಂಗರಾಜನಿಗೆ ಜಗಳೂರು ಸ್ಟ್ಯಾಂಡಿನ ಹಿಂದೆ, ತಗಡಿನ ನೆರಳಲ್ಲಿ, ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ ಇಪ್ಪತ್ತೈದು ಮನೆ ಕಣ್ಣಿಗೆ ಕಟ್ಟಿತು. ನಾಲ್ಕು ಕವಡೆ. ಡ್ರೈವರು, ಕ್ಲೀನರು, ಟೀ ಅಂಗಡಿಯವನು. "ಚೌಕಾಬಾರ ಆಡ್ತಿದ್ವಿ" ಅಂದ. ದನಿ ಎಂದಿನಂತಿರಲಿಲ್ಲ.

"ಆಡ್ರಿ ಮತ್ತೆ."

"ಯಾರ ಜೊತೆ, ಗೋಡೆ ಜೊತೆನಾ?"

"ಅಲ್ಲಿ ಗಿರಣಿ ಕಟ್ಟೆ ಮೇಲೆ ಮೂರು ಜನ ಅದನ್ನೇ ಆಡ್ತಾ ಕುಂತಾರಲ್ಲ, ಬರುವಾಗ ನೋಡಿದೆ" ಅಂದಳು ರಕ್ಷಾ, ಸ್ಕೂಟಿಯ ಕೀಲಿ ಕೈಗೆ ತಗೊಳ್ಳುತ್ತ.

ಗಿರಣಿ ಅಂದರೆ ದೊಡ್ಡಣ್ಣಜ್ಜನ ಹಿಟ್ಟಿನ ಗಿರಣಿ. ಕಲ್ಲು ತಿರುಗುವುದು ನಿಂತು ಬಹಳ ಕಾಲವಾಗಿತ್ತು, ಕಟ್ಟೆ ಮಾತ್ರ ಖಾಲಿ ಬಿದ್ದದ್ದಿಲ್ಲ. ಅಜ್ಜನ ಜೊತೆಗೆ ಪಕ್ಕದ ಮಳಿಗೆಯ ಟೈಲರ್ ಗುರುಸ್ವಾಮಿ, ಲೈನ್‌ಮನ್ ಆಗಿ ರಿಟೈರಾದ ಯರ್ರಿಸ್ವಾಮಿ. ನಾಲ್ಕು ಜನರ ಆಟಕ್ಕೆ ಮೂರೇ ಜನ. ಮರುದಿನ ನಿಂಗರಾಜ ಚಕ್ರ ತಳ್ಳಿಕೊಂಡು ಕಟ್ಟೆಯ ಹತ್ತಿರ ಬಂದು ನಿಂತಾಗ, ಅದರ ಎತ್ತರ ಸರಿಯಾಗಿ ಇವನ ಮೊಣಕಾಲಿಗೆ ಬಂತು. ಕುರ್ಚಿ ಅಡ್ಡ ನಿಲ್ಲಿಸಿದರೆ ಕಟ್ಟೆಯ ಮೇಲೆ ಗೆರೆ ಎಳೆದ ಮನೆಗಳಿಗೆಲ್ಲ ಕೈ ಎಟುಕುತ್ತಿತ್ತು.

"ಬಾ ಕಂಡಕ್ಟ್ರೇ, ಹತ್ತು ಹತ್ತು" ಅಂದ ದೊಡ್ಡಣ್ಣಜ್ಜ.

ಆವತ್ತು ನಿಂಗರಾಜನ ಕಾಯಿಗಳು ಊರ ಗೌಡರ ಮೆರವಣಿಗೆಯ ಹಾಗೆ ಸುತ್ತು ಬಂದವು. ಯಾರೂ ಮುಟ್ಟಲಿಲ್ಲ. ಅಜ್ಜನಿಗೆ ಮೂರು ಬಿತ್ತು, ಮೂರನೇ ಮನೆಯಲ್ಲಿ ಇವನ ಕಾಯಿ ಕೂತಿತ್ತು. ಅಜ್ಜ ಅದನ್ನು ಕಡಿಯುವುದು ಬಿಟ್ಟು ಬೇರೆ ಕಾಯಿ ನಡೆಸಿದ. ಗುರುಸ್ವಾಮಿಯೂ ಹಾಗೇ ಮಾಡಿದ. ಚೌಕಾಬಾರದಲ್ಲಿ ಕಾಯಿ ಕಡಿದರೆ ಇನ್ನೊಂದು ಸಲ ಕವಡೆ ಹಾಕಬಹುದು. ಅದನ್ನೂ ಬಿಟ್ಟುಕೊಡುವ ದಾನಶೂರರು ಈ ಕಟ್ಟೆಯ ಮೇಲೆ ಹಿಂದೆಂದೂ ಕೂತಿರಲಿಲ್ಲ. ನಿಂಗರಾಜನಿಗೆ ಮುಖ ಬಿಸಿಯಾಯಿತು.

"ಯಾಕಜ್ಜ, ಕಣ್ಣು ಕಾಣಲ್ವಾ? ಕಡಿ ಅದನ್ನ!"

"ಇರ್ಲಿ ಬಿಡೋ, ಆಟ ತಾನೇ."

"ಆಟ ಅಂತಲೇ ಹೇಳ್ತಿರೋದು. ನಾನು ಬಿದ್ದಿದ್ದು ಹೊನ್ನಾಳಿ ಸ್ಟ್ಯಾಂಡಲ್ಲಿ, ಈ ಮನೇಲಲ್ಲ. ಕಡಿಯಂಗಿದ್ರೆ ಆಡ್ರಿ, ಇಲ್ಲಾಂದ್ರೆ ನಾನು ಮನೆಗೆ ಹೋಗಿ ಮೀನಿಗೆ ಬಣ್ಣ ಹಚ್ತೀನಿ!"

ಮೀನಿನ ಮಾತು ಯಾರಿಗೂ ಅರ್ಥವಾಗಲಿಲ್ಲ, ಸಿಟ್ಟು ಅರ್ಥವಾಯಿತು. ಯರ್ರಿಸ್ವಾಮಿ ಕವಡೆ ಉರುಳಿಸಿದ. ಎರಡು. ಕಾಯಿ ಎತ್ತಿ ಇವನ ಕಾಯಿಯ ತಲೆಯ ಮೇಲೆ ಟಕ್ ಅಂತ ಕುಟ್ಟಿ, "ನಡಿ ಮನೆಗೆ!" ಅಂದ. ನಡುಮನೆ ಸೇರಿ ಹಣ್ಣಾಗಲು ಇನ್ನೇನು ಒಳಗೆ ನುಗ್ಗುವುದರಲ್ಲಿದ್ದ ಕಾಯಿ ಶುರುವಿಗೆ ವಾಪಸು ಬಂತು. ನಿಂಗರಾಜ ತೊಡೆ ತಟ್ಟಿಕೊಂಡು ನಕ್ಕ. ತೊಡೆಗೆ ಗೊತ್ತಾಗಲಿಲ್ಲ, ಅಂಗೈಗೆ ಉರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು.

ಅಲ್ಲಿಂದ ದಿನಾ ಕಟ್ಟೆ. ಮನೆಯಲ್ಲಿ ಜಗಳ ಕಡಿಮೆಯಾಯಿತು, ಊಟ ಜಾಸ್ತಿಯಾಯಿತು. ಬಸ್ಸಿನ ಹಾರನ್ ಕೇಳಿದರೂ ಎದೆ ಮೊದಲಿನಷ್ಟು ಹಾರುತ್ತಿರಲಿಲ್ಲ. ಆದರೆ ಕವಡೆ ಕೈಗೆ ಬಂದರೆ ಇವನಿಗೆ ಮೈ ಅನ್ನುವುದು ಮರೆತೇ ಹೋಗುತ್ತಿತ್ತು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದ. ಅದು ಕೂಗಿದರೆ "ಇದೊಂದು ಕೈ ಆಗ್ಲಿ ತಡಿ" ಅಂತ ಬಾಯಿ ಮುಚ್ಚಿಸುತ್ತಿದ್ದ. ಒಂದು ಕೈ ಹೋಗಿ ಇನ್ನೊಂದು ಕೈ ಆಗುತ್ತಿತ್ತು. ಸಂಜೆ ನೇತ್ರಾವತಿ "ಎತ್ತಿದ್ರಾ?" ಅಂತ ಕೇಳಿದರೆ, "ಹ್ಞೂಂ ಮಾರಾಯ್ತಿ, ಎತ್ತಿ ಎತ್ತಿ ತೋಳು ಬಿದ್ದೋಗೈತೆ" ಅಂತ ಕಣ್ಣು ಮಿಟುಕಿಸದೆ ಸುಳ್ಳು ಬಿಡುತ್ತಿದ್ದ.

ಒಂದು ಬೆಳಗ್ಗೆ ಮೈ ಒರೆಸುತ್ತಿದ್ದ ನೇತ್ರಾವತಿಯ ಕೈ ಗಕ್ಕನೆ ನಿಂತಿತು.

"ಏನೇ?" ಅಂದ ನಿಂಗರಾಜ. ಅವಳು ಮೊಬೈಲಿನಲ್ಲಿ ಫೋಟೋ ಹೊಡೆದು ಅವನ ಮುಖದ ಮುಂದೆ ಹಿಡಿದಳು. ಕೂರುವ ಮೂಳೆಯ ಜಾಗದಲ್ಲಿ ನೇರಳೆಹಣ್ಣು ಹಿಸುಕಿದ ಹಾಗೆ ಕಪ್ಪು ಕಲೆ, ನಡುವೆ ಚರ್ಮ ಕಿತ್ತು ಒದ್ದೆಯಾಗಿತ್ತು. ಅದು ತನ್ನ ಮೈ ಅಂತ ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಅದೇ ದಿನ ರಕ್ಷಾ ಬಂದಳು. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಗಾಯ ಪೂರ್ತಿ ಮಾಯುವ ತನಕ ಕುರ್ಚಿ ಮುಟ್ಟುವಂತಿಲ್ಲ, ಬೋರಲು ಮಲಗಬೇಕು ಅಂದಳು. ದಿನಾ ಡ್ರೆಸಿಂಗ್ ಆಗಬೇಕು. ಆಳಕ್ಕೆ ಇಳಿದು ನಂಜಾದರೆ ಜೀವಕ್ಕೇ ಕುತ್ತು ಅಂತ ನೇತ್ರಾವತಿಯನ್ನು ಹೊರಗೆ ನಿಲ್ಲಿಸಿ ಹೇಳಿದ್ದು ಒಳಗೂ ಕೇಳಿಸಿತು.

ಬೋರಲು ಮಲಗಿದವನ ಪಾಡು ಯಾರಿಗೂ ಬೇಡ. ಮೂಗಿನ ಮುಂದೆ ಕೆಂಪು ರೆಡಾಕ್ಸೈಡಿನ ನೆಲ. ಅದರ ಮೇಲೊಂದು ಬಿರುಕು. ಬಿರುಕಿನಗುಂಟ ಇರುವೆ. ನಿಂಗರಾಜ ಇರುವೆಗೂ ಸ್ಟಾಪು ಕೂಗಿದ. ದಿಂಬು ಬಲಕ್ಕೆಸೆದ, ಎಡಕ್ಕೆಸೆದ. ಹೊತ್ತು ಇಳಿದರೆ ಗಿರಣಿ ಕಡೆಯಿಂದ "ಬಾರಾ!" ಅನ್ನುವ ಕೂಗು ಕೇಳುತ್ತಿತ್ತು. ಎಂಟು ಬಿದ್ದಿರಬೇಕು. ಯಾರಿಗೆ ಬಿತ್ತು? ಅಜ್ಜನಿಗಾ? ಯಾರ ಕಾಯಿ ಹೋಯ್ತು? ಹಲ್ಲು ಕಚ್ಚಿಕೊಂಡು ನೆಲಕ್ಕೆ ಗುದ್ದುತ್ತಿದ್ದ. ಕಾಲು ಹೋಗಿದ್ದಕ್ಕೂ ಇಷ್ಟು ಸಂಕಟ ಆಗಿರಲಿಲ್ಲವೇನೋ ಅನ್ನಿಸಿ, ಆ ಯೋಚನೆಗೆ ತಾನೇ ಬೆಚ್ಚಿದ.

ಗಾಯ ಮಾಯಿತು. ಹೊಸ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಕೂಡಿಕೊಂಡಿತು. ಇನ್ನು ಸ್ವಲ್ಪ ಸ್ವಲ್ಪವೇ ಕೂರಬಹುದು ಅಂತ ರಕ್ಷಾ ಹೇಳಿದ ದಿನ ನಿಂಗರಾಜ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಚಕ್ರಕ್ಕೆ ಕೈ ಹಾಕಿದ. ನೇತ್ರಾವತಿ ಇಳಿಜಾರಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಕಟ್ಟೆಗೆ."

"ಕಟ್ಟೆ ಮುಗೀತು. ಆ ಆಟದ ಹೆಸರು ಈ ಮನೇಲಿ ಎತ್ತಬ್ಯಾಡ್ರಿ."

"ಮೇಡಂ ಹೇಳ್ಯಾರೆ..."

"ಮೇಡಂ ಸ್ಕೂಟಿ ಹತ್ತಿ ನ್ಯಾಮತಿಗೆ ಹೋಗ್ತಾರೆ. ಹುಣ್ಣು ತೊಳೆದಾಕಿ ನಾನು!"

"ಹಂಗಾದ್ರೆ ನನ್ನ ಒಳಗೇ ಕೂಡಿ ಹಾಕಿ ಸಾಯಿಸು!" ಅಂತ ನಿಂಗರಾಜ ಕಿರುಚಿದ. "ಈ ನಾಲ್ಕು ಗೋಡೇಲಿ ಹುಚ್ಚು ಹಿಡೀತೈತೆ ಕಣೇ ನನಗೆ. ಹುಣ್ಣೇ ಬೇಕು ಅನ್ನಿಸ್ತೈತೆ!"

ನೇತ್ರಾವತಿ ಅಲ್ಲೇ ಇಳಿಜಾರಿನ ಮೇಲೆ ಕುಸಿದು ಕೂತಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಆದರೂ ಅಳು ಹೊರಗೆ ಬಂತು.

"ನಾನು ಬಂದಿದ್ದೆ" ಅಂದಳು. "ದಿನಾ ಬರ್ತಿದ್ದೆ. ಎತ್ತಾರೋ ಇಲ್ವೋ ನೋಡಾಣ ಅಂತ ಗುರುಸ್ವಾಮಣ್ಣನ ಮಳಿಗೆ ಮೂಲೇಲಿ ನಿಂತ್ಕಂತಿದ್ದೆ. ನೀವು ಎತ್ತುತಿರಲಿಲ್ಲ, ಅದು ಕಾಣ್ತಿತ್ತು ನನಗೆ. ಆದ್ರೆ ನಗ್ತಿದ್ರಿ. ಅಷ್ಟು ದಿನ ಆದ ಮ್ಯಾಲೆ ನಗ್ತಿದ್ರಿ. ಕೂಗಿದ್ರೆ ನಗು ನಿಂತೋಗ್ತೈತೆ ಅಂತ ವಾಪಸ್ ಬರ್ತಿದ್ದೆ. ಹುಣ್ಣು ನೀವು ಮಾಡ್ಕಂಡಿದ್ದಲ್ಲ ರೀ, ನಾನು ಮಾಡಿದ್ದು."

ನಿಂಗರಾಜನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಎದ್ದು ಹೋಗಿ ಅವಳ ಪಕ್ಕ ಕೂರುವ ಹಾಗಿದ್ದರೆ ಕೂರುತ್ತಿದ್ದ. ಕುರ್ಚಿಯನ್ನು ಅವಳ ಹತ್ತಿರಕ್ಕೆ ತಂದು ಬ್ರೇಕು ಹಾಕಿದ. ಆವತ್ತು ಅವನು ಕಟ್ಟೆಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಆದರೆ ತಲೆ ಸುಮ್ಮನಿರಬೇಕಲ್ಲ! ಅಲಾರಂ ಇಟ್ಟರೆ ತಾನೇ ಆರಿಸುತ್ತಾನೆ, ಅದು ಅವನಿಗೆ ಗೊತ್ತಿತ್ತು. ಆಣೆ ಇಟ್ಟರೆ ಎರಡು ದಿನ ನಡೆಯುತ್ತದೆ. ಹೆಂಡತಿ ಕಾವಲು ನಿಂತರೆ ಅವಳಿಗೆ ಕರುಣೆ. ತನ್ನ ಮೇಲೆ ಒಂಚೂರೂ ಕರುಣೆ ಇಲ್ಲದವರು ಬೇಕು. ಅಂಥವರು ಯಾರಿದ್ದಾರೆ? ಅಷ್ಟರಲ್ಲಿ ಬೆಳಗಿನ ಬಸ್ಸು ಮನೆ ಮುಂದೆ ನಿಂತಿತು. ಯಾರೋ ಮುದುಕಿ ಹತ್ತುತ್ತಿದ್ದಳು. ಹೊಸ ಕಂಡಕ್ಟರು ಸೀಟಿ ಊದುವ ತನಕ ಡ್ರೈವರು ಆಕ್ಸಿಲರೇಟರಿಗೆ ಕಾಲಿಡಲಿಲ್ಲ. ನಿಂಗರಾಜ ಅದನ್ನೇ ಬಾಯಿ ತೆರೆದು ನೋಡಿದ. "ನೇತ್ರಾ!" ಅಂತ ಕೂಗಿದ. "ಇವತ್ತೊಂದು ದಿನ ನನ್ನ ಜೊತೆ ಬಾ. ನಿಂತು ನೋಡು. ಸರಿ ಬರ್ಲಿಲ್ಲ ಅಂದ್ರೆ ಜನ್ಮದಲ್ಲಿ ಕಟ್ಟೆ ಕೇಳಲ್ಲ."

ನೇತ್ರಾವತಿ ಅವನ ಮುಖ ನೋಡಿದಳು. "ಜನ್ಮದಲ್ಲಿ?" ಅಂದಳು.

"ಜನ್ಮದಲ್ಲಿ."

ಕಟ್ಟೆಯ ಮುಂದೆ ಬ್ರೇಕು ಹಾಕಿ ನಿಂಗರಾಜ ತನ್ನ ರೂಲ್ಸು ಹೇಳಿದ. "ನನ್ನ ಸರದಿ ಬಂದಾಗೆಲ್ಲ ಕವಡೆ ಮುಟ್ಟೋಕೆ ಮುಂಚೆ ಕೈ ಊರಿ ಮೈ ಎತ್ತಬೇಕು. ಎತ್ಕಂಡೇ ಜಗಳೂರಿಂದ ಚನ್ನಗಿರಿ ತನಕ ಸ್ಟಾಪ್ ಕೂಗಬೇಕು. ಚನ್ನಗಿರಿ ಅನ್ನೋದ್ರೊಳಗೆ ಕುಂಡಿ ಸೀಟಿಗೆ ತಾಗಿದ್ರೆ, ನನಗೆ ಏನು ಬಿದ್ರೂ ಲೆಕ್ಕಕ್ಕಿಲ್ಲ. ಕೈ ಮುಂದಿನೋರಿಗೆ."

ಗುರುಸ್ವಾಮಿ ಗಲ್ಲ ಕೆರೆದುಕೊಂಡ. "ಬಾರ ಬಿದ್ರೂ?"

"ಬಾರ ಬಿದ್ರೂ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಲಾಭದ ರೂಲ್ಸು ಅವರು ಕೇಳಿಯೇ ಇರಲಿಲ್ಲ. ಯರ್ರಿಸ್ವಾಮಿಯಂತೂ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ನಿಂಗರಾಜನ ಸೀಟಿನ ಕಡೆಗೇ ತಿರುಗಿ ಕೂತ. ಅಲಾರಂ ಆರಿಸಬಹುದು, ಹೆಂಡತಿಗೆ ಸುಳ್ಳು ಹೇಳಬಹುದು. ಗೆಲ್ಲುವ ಆಸೆಯಿಂದ ಕಣ್ಣು ಬಿಟ್ಟುಕೊಂಡು ಕೂತ ಯರ್ರಿಸ್ವಾಮಿಯನ್ನು ಏನು ಮಾಡೋದು?

ಆಟ ಶುರುವಾಯಿತು. ನೇತ್ರಾವತಿ ಗುರುಸ್ವಾಮಿಯ ಮಳಿಗೆಯ ಮೂಲೆಯಲ್ಲಲ್ಲ, ಈ ಸಲ ಕಟ್ಟೆಯ ಎದುರಿಗೇ ಕೈಕಟ್ಟಿ ನಿಂತಳು.

"ಜಗಳೂರು... ಬಿಳಿಚೋಡು... ದಾವಣಗೆರೆ..." ನಿಂಗರಾಜ ಮೈ ಎತ್ತಿ ಹಿಡಿದು ಕೂಗುತ್ತಿದ್ದ. ಕತ್ತಿನ ನರ ಉಬ್ಬುತ್ತಿತ್ತು. "ಹೊನ್ನಾಳಿ... ಸಾಸ್ವೆಹಳ್ಳಿ... ಬಸವಾಪಟ್ಟಣ... ಚನ್ನಗಿರಿ, ಚನ್ನಗಿರಿ, ಲಾಸ್ಟ್ ಸ್ಟಾಪ್!" ದಾರಿಯಲ್ಲಿ ಹೋಗುವವರು ಬಸ್ಸು ಬಂತೇನೋ ಅಂತ ತಿರುಗಿ ನೋಡಿದರು. ಅವಸರದಲ್ಲಿ ಅವನು ಒಮ್ಮೆ ಬಿಳಿಚೋಡು ಬಿಟ್ಟ. "ಏ, ಬಿಳಿಚೋಡಿನೋರು ಇಳಿಯೋದು ಬ್ಯಾಡ್ವಾ? ರಿವರ್ಸ್ ಹೊಡಿ!" ಅಂದ ಯರ್ರಿಸ್ವಾಮಿ. ಮೊದಲಿನಿಂದ ಕೂಗಬೇಕಾಯಿತು. ನೇತ್ರಾವತಿಯ ತುಟಿ ಸ್ವಲ್ಪ ಸಡಿಲವಾಯಿತು, ಆದರೆ ಕಟ್ಟಿದ ಕೈ ಬಿಡಲಿಲ್ಲ.

ಆಟ ಕೊನೆಗೆ ಬರುವ ಹೊತ್ತಿಗೆ ಗುರುಸ್ವಾಮಿ, ಯರ್ರಿಸ್ವಾಮಿ ಹಿಂದೆ ಬಿದ್ದರು. ದೊಡ್ಡಣ್ಣಜ್ಜನಿಗೆ ಒಂದೇ ಕಾಯಿ ಉಳಿದಿತ್ತು, ಅದು ಹಣ್ಣಾಗಲು ಎರಡು ಬಿದ್ದರೆ ಸಾಕಿತ್ತು. ನಿಂಗರಾಜನಿಗೂ ಒಂದೇ ಕಾಯಿ. ಆದರೆ ಅದು ಆಗಷ್ಟೇ ಒಳಸುತ್ತಿಗೆ ಕಾಲಿಟ್ಟಿತ್ತು, ಎಂಟು ಬಿದ್ದರೆ ಮಾತ್ರ ಗೆಲುವು. ಸರದಿ ಇವನದು. ತೋಳು ನಡುಗುತ್ತಿತ್ತು. ಕೈ ಊರಿ ಎತ್ತಿದ. "ಜಗಳೂರು, ಬಿಳಿಚೋಡು, ದಾವಣಗೆರೆ, ಹೊನ್ನಾಳಿ..." ಕಣ್ಣು ಕವಡೆಯ ಮೇಲೇ ಇತ್ತು. ಉಳಿದ ಹೆಸರುಗಳನ್ನು ಗಡಗಡ ನುಂಗಿ, ಕವಡೆ ಬಾಚಿ, ಉರುಳಿಸಿದ.

ನಾಲ್ಕೂ ಬೋರಲು. ಎಂಟು!

"ಬಾರಾ!" ಅಂತ ನಿಂಗರಾಜ ಎರಡೂ ಕೈ ಮೇಲೆತ್ತಿದ. "ಹಣ್ಣಾಯ್ತು! ಏನಜ್ಜಾ, ಹೆಂಗೆ?"

"ಇಲ್ಲ ಇಲ್ಲ ಇಲ್ಲ" ಅಂದ ದೊಡ್ಡಣ್ಣಜ್ಜ. "ನಡುವೆ ಇಳಿದೆ ನೀನು."

"ಯಾರು ಹೇಳಿದ್ದು? ಚನ್ನಗಿರಿ ತನಕ ಹೋಗಿ ಬಂದೀನಿ!"

"ಬಾಯಿ ಹೋಯ್ತು, ಕುಂಡಿ ಹೋಗ್ಲಿಲ್ಲ!"

ಯರ್ರಿಸ್ವಾಮಿ ಆ ಹೊತ್ತಿಗೇ ಬೀಡಿ ಹಚ್ಚುತ್ತಿದ್ದನಂತೆ, ನೋಡಿರಲಿಲ್ಲ. ಗುರುಸ್ವಾಮಿ ಕವಡೆ ನೋಡುತ್ತಿದ್ದ. ನಿಂಗರಾಜ ಕಟ್ಟೆಗೆ ಗುದ್ದಿದ, ಅಜ್ಜ ಮನೆಗಳ ಮೇಲೆ ಅಂಗೈ ಮುಚ್ಚಿ ಕೂತ. ಕೊನೆಗೆ ನಾಲ್ವರೂ ಒಟ್ಟಿಗೆ ನೇತ್ರಾವತಿಯ ಕಡೆ ತಿರುಗಿದರು.

"ನೀನು ಹೇಳವ್ವ" ಅಂದ ದೊಡ್ಡಣ್ಣಜ್ಜ. "ಇಳಿದನೋ ಇಲ್ವೋ? ನಿನ್ನ ಮಾತೇ ಕೊನೆ."

ನಿಂಗರಾಜ ಅವಳನ್ನು ನೋಡಿದ. ಅವನ ಎರಡೂ ಕೈ ಇನ್ನೂ ಅರ್ಧ ಮೇಲಿದ್ದವು, ಹಣೆಯ ಬೆವರು ಹುಬ್ಬಿಗಿಳಿದಿತ್ತು. ಎಷ್ಟು ಕಾಲದ ಮೇಲೆ ಒಂದು ಗೆಲುವು! ಹ್ಞೂಂ ಅನ್ನು, ಒಂದೇ ಒಂದು ಸಲ ಹ್ಞೂಂ ಅನ್ನು ಅಂತ ಕಣ್ಣಲ್ಲೇ ಬೇಡಿಕೊಂಡ. ಅವಳು ಎಷ್ಟು ಸಲ ಮೂಲೆಯಲ್ಲಿ ನಿಂತು ಅವನ ಖುಷಿ ನೋಡಿ ಸುಮ್ಮನೆ ವಾಪಸು ಹೋಗಿದ್ದಾಳೆ! ಇದೊಂದು ಸಲ ಹೋಗಬಾರದಾ?

ನೇತ್ರಾವತಿ ಕಟ್ಟಿದ ಕೈ ಬಿಟ್ಟಳು.

"ಹೊನ್ನಾಳೀಲೇ ಇಳಿದ್ರು" ಅಂದಳು. "ಚನ್ನಗಿರಿ ಮುಟ್ಟಲಿಲ್ಲ."

"ನೇತ್ರಾ!"

"ಕೈ ನಿಮ್ದು ದೊಡ್ಡಣ್ಣಜ್ಜ, ಹಾಕ್ರಿ."

ಅಜ್ಜ ಕವಡೆ ಹಾಕಿದ. ಎರಡು. ಕಾಯಿ ನಡುಮನೆಗೆ ಹೋಗಿ ಕೂತಿತು. ಯರ್ರಿಸ್ವಾಮಿ ಸಿಳ್ಳೆ ಹಾಕಿದ, ಗುರುಸ್ವಾಮಿ ಅಜ್ಜನ ಬೆನ್ನಿಗೆ ಗುದ್ದಿದ. ನಿಂಗರಾಜ ಉಸಿರು ಬಿಡುತ್ತ, ಹೆಂಡತಿಯನ್ನೇ ದುರುಗುಟ್ಟಿಕೊಂಡು ನೋಡಿದ. ಕೈಗೆ ಬಂದ ಗೆಲುವು ಕಿತ್ತುಕೊಂಡಳಲ್ಲ, ಎಂಥ ಹೆಂಗಸು ಇವಳು! ಜೊತೆಗೆ ಬೆಳಗ್ಗೆ ಕೊಟ್ಟ ಮಾತು ನೆನಪಾಯಿತು. ಸರಿ ಬರಲಿಲ್ಲ ಅಂದರೆ ಜನ್ಮದಲ್ಲಿ ಕಟ್ಟೆ ಇಲ್ಲ ಅಂದಿದ್ದ. ಅವಳ ಕಣ್ಣೆದುರಿಗೇ ಹೊನ್ನಾಳಿಯಲ್ಲಿ ಇಳಿದುಬಿಟ್ಟಿದ್ದ.

ನೇತ್ರಾವತಿ ಬಂದು ಅವನ ಕುರ್ಚಿಯ ಹಿಂದೆ ನಿಂತಳು. ಬ್ರೇಕು ತೆಗೆಯಲಿಲ್ಲ. ಬಗ್ಗಿ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

"ಅಜ್ಜ, ಇವತ್ತು ಸಾಕು, ಇವರ ತೋಳು ಸೋತೈತೆ" ಅಂದಳು. "ನಾಳೆ ಕವಡೆ ಒಳಗಿಡಬ್ಯಾಡ್ರಿ. ನಾವು ಬೇಗ ಬರ್ತೀವಿ."

ನಿಂಗರಾಜ ಎರಡೂ ಅಂಗೈ ಹಿಡಿಕೆಗೆ ಊರಿದ, ಮೈ ಎತ್ತಿದ, ಯಾರೂ ಕೇಳದಿದ್ದರೂ ಜಗಳೂರಿನಿಂದ ಶುರುಮಾಡಿದ. ಹೊನ್ನಾಳಿ ಬಂದಾಗ ತೋಳು ಗಡಗಡ ನಡುಗಿತು. ಅವನು ಇಳಿಯಲಿಲ್ಲ.